ಪದವಿಗಾಗಿ ಬಿಟ್ಟ ಐದು ವರ್ಷ

ಅಮೆರಿಕದ ಫ್ರ್ಯಾಂಕ್ ರಾಯನ್ ವೃತ್ತಿಪರ ಫುಟ್‌ಬಾಲ್ ಆಟಗಾರರು. 1964ರಲ್ಲಿ ಅವರ ಕ್ಲೀವ್‌ಲ್ಯಾಂಡ್ ತಂಡ ಚಾಂಪಿಯನ್ ಆಯಿತು. ಮರುವರ್ಷವೇ ಅವರು ಗಣಿತದಲ್ಲಿ ಡಾಕ್ಟರೇಟ್ ಪಡೆದರು. ಆಟ ಬಿಡದೆಯೇ ಕಾಲೇಜಿನಲ್ಲಿ ಪಾಠವನ್ನೂ ಹೇಳಿದರು. ಆಟ ಮತ್ತು ಓದುಗಳನ್ನು ಹೀಗೆ ಒಟ್ಟಿಗೆ ಸಾಗಿಸುವ ಭಾಗ್ಯ ಅದೇ ಕಾಲದ ನಮ್ಮ ಎರಾಪಳ್ಳಿ ಪ್ರಸನ್ನರಿಗೆ ಒದಗಲಿಲ್ಲ.

ಬೆಂಗಳೂರಿನಲ್ಲಿ 1940ರಲ್ಲಿ ಜನಿಸಿದ ಪ್ರಸನ್ನರು 1962ರ ಜನವರಿಯಲ್ಲಿ ಮದರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿದರು. ಅದೇ ವರ್ಷ ವೆಸ್ಟ್ ಇಂಡೀಸ್ ಪ್ರವಾಸ. ನಾಯಕ ಕಂಟ್ರಾಕ್ಟರ್ ತಲೆಗೆ ಚೆಂಡು ಬಡಿದು ಜೀವನ್ಮರಣಗಳ ನಡುವೆ ಹೋರಾಡಿದ, ಐದಕ್ಕೆ ಐದೂ ಟೆಸ್ಟ್ ಸೋತ ಪ್ರವಾಸವದು. ಹಿಂದಿರುಗಿದ ಮೇಲೆ ಪ್ರಸನ್ನರು ಎಂಜಿನಿಯರಿಂಗ್ ಪದವಿಯನ್ನು ಪೂರೈಸಲು ಆಟವನ್ನು ಬದಿಗಿರಿಸಿದರು. ಮೈಸೂರಿನ ಎನ್.ಐ.ಇ. ಕಾಲೇಜಿನ ವಿದ್ಯಾರ್ಥಿ ಅವರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ.

ಆಗ ಕ್ರಿಕೆಟ್ಟಿನಿಂದ ಸಂಸಾರ ಸಾಗುತ್ತಿರಲಿಲ್ಲ. ಸೇಡಂ, ಚಿತ್ತಾಪುರ, ಚಿಂಚೋಳಿಗಳ ಬಯಲಿನಲ್ಲಿ ಆಡಿ ಬೆಳೆದ ನಿಮಗೆ ಇದನ್ನು ಬಿಡಿಸಿ ಹೇಳಬೇಕೆ? ಎಸ್.ಎಸ್.ಎಲ್.ಸಿ. ಬಂದೊಡನೆ ಬ್ಯಾಟು ಅಟ್ಟ ಸೇರುತ್ತಿತ್ತು. ಶಹಾಬಾದಿನಲ್ಲೋ ವಾಡಿಯಲ್ಲೋ ಸಿಮೆಂಟ್ ಕಾರ್ಖಾನೆಯ ನೌಕರಿ ದೊರೆತರೆ ಮನೆಯವರಿಗೆ ಅದೇ ದೊಡ್ಡ ಗೆಲುವು.

ಆದರೆ ಬಿಟ್ಟ ಜಾಗ ಖಾಲಿ ಉಳಿಯುವುದಿಲ್ಲ. 1965ರಲ್ಲಿ ಮದರಾಸಿನ ವೆಂಕಟರಾಘವನ್ ತಂಡಕ್ಕೆ ಬಂದರು. ಅವರೂ ಆಫ್ ಸ್ಪಿನ್ನರ್; ಗಿಂಡಿ ಕಾಲೇಜಿನಲ್ಲಿ ಓದಿದ ಎಂಜಿನಿಯರ್ ಕೂಡ! 1971ರಲ್ಲಿ ಭಾರತ ಇಂಗ್ಲೆಂಡಿನಲ್ಲಿ ಮೊದಲ ಬಾರಿ ಸರಣಿ ಗೆದ್ದಾಗ ಮೂರೂ ಟೆಸ್ಟ್ ಆಡಿದವರು ವೆಂಕಟ್. ಪ್ರಸನ್ನರಿಗೆ ಒಂದೂ ಸಿಗಲಿಲ್ಲ. ಇಪ್ಪತ್ತೊಂದರಿಂದ ಇಪ್ಪತ್ತಾರರವರೆಗಿನ ವಯಸ್ಸಿಗೆ ಅವರು ತೆತ್ತ ಬೆಲೆ ಅಲ್ಪವಲ್ಲ. ಆದರೂ ಅವರ ನಿರ್ಧಾರ ತಪ್ಪೆಂದು ಹೇಳಲು ನನ್ನ ಮನಸ್ಸು ಒಪ್ಪದು.

ಮರಳಿ ಬಂದ ಪ್ರಸನ್ನರು 1967–68ರಲ್ಲಿ ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ಆಡಿದ ಎಂಟು ಟೆಸ್ಟ್‌ಗಳಲ್ಲಿ 49 ವಿಕೆಟ್ ಕಿತ್ತರು. ಭಾರತ ಹೊರನಾಡಿನಲ್ಲಿ ಗೆದ್ದ ಮೊದಲ ಸರಣಿ ಆ ನ್ಯೂಜಿಲೆಂಡಿನದೇ. ಅವರ ಅಸ್ತ್ರ ಗಾಳಿಯಲ್ಲಿತ್ತು. ಮುಂದಕ್ಕೆ ಉರುಳುವಂತೆ ತಿರುಗುವ ಚೆಂಡನ್ನು ಗಾಳಿ ಕೆಳಕ್ಕೆ ಒತ್ತುತ್ತದೆ. ಬ್ಯಾಟ್ಸ್‌ಮನ್ ಎಣಿಸಿದ್ದಕ್ಕಿಂತ ತುಸು ಮೊದಲೇ ಅದು ನೆಲ ಮುಟ್ಟುತ್ತದೆ. ವಿಮಾನದ ರೆಕ್ಕೆಯನ್ನು ಅಭ್ಯಸಿಸುವ ಶಾಸ್ತ್ರಕ್ಕೇ ಸೇರಿದ ವಿಷಯವಿದು. ತಿರುಗುವ ಗುಂಡು ಹೀಗೆ ಪಕ್ಕಕ್ಕೆ ಬಾಗುವುದನ್ನು ಹದಿನೆಂಟನೆಯ ಶತಮಾನದಲ್ಲೇ ಪ್ರಯೋಗದಿಂದ ತೋರಿಸಿದ ಆಂಗ್ಲ ಎಂಜಿನಿಯರ್ ಬೆಂಜಮಿನ್ ರಾಬಿನ್ಸ್ ಕೊನೆಯುಸಿರೆಳೆದದ್ದು 1751ರಲ್ಲಿ, ನಮ್ಮ ನೆರೆಯ ತಮಿಳುನಾಡಿನ ಕಡಲೂರಿನ ಕೋಟೆಯಲ್ಲಿ ಎಂಬುದು ಒಂದು ಸೋಜಿಗ.

ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರಿನಲ್ಲಿ. ಅದೇ ಋತುವಿನಲ್ಲಿ ಪ್ರಸನ್ನರ ನಾಯಕತ್ವದ ತಂಡ, ಹದಿನೈದು ವರ್ಷ ಎಡೆಬಿಡದೆ ಗೆದ್ದಿದ್ದ ಮುಂಬಯಿಯನ್ನು ಹೊರದಬ್ಬಿ ರಣಜಿ ಟ್ರೋಫಿಯನ್ನು ಮನೆಗೆ ತಂದಿತು.

ಅವರು ಒಟ್ಟು ಆಡಿದ್ದು 49 ಟೆಸ್ಟ್, ಪಡೆದದ್ದು 189 ವಿಕೆಟ್. ಇಪ್ಪತ್ತೇ ಟೆಸ್ಟ್‌ಗಳಲ್ಲಿ ನೂರು ವಿಕೆಟ್ ಗಳಿಸಿದ ಅವರ ಭಾರತೀಯ ದಾಖಲೆ 2013ರವರೆಗೆ ಉಳಿದಿತ್ತು. ಅದನ್ನು ಮುರಿದ ಅಶ್ವಿನ್ ಕೂಡ ಆಫ್ ಸ್ಪಿನ್ನರ್, ಮತ್ತು ಎಂಜಿನಿಯರಿಂಗ್ ಪದವೀಧರ.