ನಮ್ಮ ಸೀಮೆಯ ಕೋವಿ

ಪಡುಬಿದ್ರಿಯಿಂದ ಮೂಡಲಿಗೆ ಹೋದರೆ ಕಾರ್ಕಳದ ಕಾಡಂಚಿನ ಮನೆಗಳಲ್ಲಿ ಕೋವಿಯೆಂದರೆ ಕೇಪಿನ ಕೋವಿ, ಇಲ್ಲವೇ ತೋಟೆಕೋವಿ. ಬೋಲ್ಟ್ ಎಳೆದು ಗುಂಡೇರಿಸುವ ರೈಫಲ್ ಇಲ್ಲಿನವರಿಗೆ ಬೇಕೆನಿಸಿದ್ದು ಕಡಿಮೆ. ಚಂಪಾವತದ ನರಭಕ್ಷಕಿಯನ್ನು ಕೊಂದ ಜಿಮ್ ಕಾರ್ಬೆಟ್ಟರಿಗೆ 1907ರಲ್ಲಿ ಉಡುಗೊರೆಯಾಗಿ ಬಂದದ್ದು ಅಂಥದೇ ಹಗುರವಾದ ರಿಗ್ಬಿ ರೈಫಲ್. ಬೆಟ್ಟ ಹತ್ತುವವನಿಗೆ ತೂಕ ಕಡಿಮೆಯಿರಬೇಕು, ಬಯಲಿನಲ್ಲಿ ಗುಂಡು ದೂರಕ್ಕೆ ನೇರ ಹೋಗಬೇಕು. ನಮ್ಮ ಗದ್ದೆಗೆ ಬರುವ ಹಂದಿಯೋ ಕತ್ತಲಲ್ಲಿ, ಪೊದೆಯ ಮರೆಯಲ್ಲಿ, ಹತ್ತಿರವೇ ಇರುತ್ತದೆ. 1959ರ ಆಯುಧ ಕಾಯ್ದೆಯೂ ಬೆಳೆ ಕಾಯುವವರಿಗೆಂದು ಹೆಸರಿಸಿದ್ದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನೇ. 1972ರ ವನ್ಯಜೀವಿ ಕಾಯ್ದೆ, ಅದರ 1991ರ ತಿದ್ದುಪಡಿಗಳಿಂದ ಬೇಟೆಯ ಮೋಜು ಮುಗಿಯಿತು. ಅದು ಒಳ್ಳೆಯದೇ ಆಯಿತು. ಆದರೆ ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲಿಟ್ಟು ಬರುವ ರೈತನಿಗೆ ರಾತ್ರಿ ಗದ್ದೆ ಕಾಯುವ ಕೆಲಸ ಮುಗಿದಿಲ್ಲ.