ಎಮ್ಮೆಯಿದ್ದ ಮನೆಯ ಹಾಲಿಲ್ಲದ ಅಡುಗೆ

ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗಳು ಎರಡು ವರ್ಷದ ಹಿಂದೆ ಹಾಲು, ಮೊಸರು, ತುಪ್ಪ ಎಲ್ಲವನ್ನೂ ಬಿಟ್ಟಳು. ಕರುವಿನ ಪಾಲನ್ನು ನಾವು ಕಸಿಯಬಾರದು ಎಂಬುದು ಅವಳ ವಾದ. ವಾದದಲ್ಲಿ ಅವಳನ್ನು ಗೆಲ್ಲುವುದು ನನ್ನಿಂದಾಗುವುದಿಲ್ಲವಾದ್ದರಿಂದ ಸುಮ್ಮನಾದೆ. ಆದರೆ ಒಳಗೊಳಗೆ ನೊಂದುಕೊಂಡೆ. ನಾನು ಬಿ.ಎ., ಬಿ.ಎಡ್. ಮುಗಿಸಿ ಮಾಸ್ತರಿಕೆಗೆ ಸೇರಿದ್ದು ಹಾಲಿನ ದುಡ್ಡಿನಿಂದ. ಆ ಹಾಲನ್ನೇ ಬೇಡವೆನ್ನುತ್ತಾಳಲ್ಲ ಎಂದು.

ಕೆಲವು ತಿಂಗಳ ನಂತರ ಅವಳದೇ ಫೋನು ಬಂತು. “ಅಮ್ಮಾ, ಏನ್ ಮಾಡಿದ್ರೂ ಅಡಗಿಗೆ ರುಚಿನ ಬರವಲ್ದು. ಎಲ್ಲಾ ಸಪ್ಪಗ, ನೀರ ನೀರ ಅನಸ್ತದ” ಎಂದಳು. ಬಾದಾಮಿಯ ಹಾಲು, ಗೋಡಂಬಿಯ ಕೆನೆ ಎಂದು ತಿಂಗಳಿಗೆ ಸಾವಿರಗಟ್ಟಲೆ ಸುರಿಯುತ್ತಿದ್ದಳಂತೆ. ಮೊದಲು ನಗು ಬಂತು. ಆಮೇಲೆ ಥಟ್ಟನೆ ಹೊಳೆಯಿತು: ನಾನು ಹುಟ್ಟಿ ಬೆಳೆದ ಮನೆಯಲ್ಲಿ ದಿನನಿತ್ಯದ ಅಡುಗೆಗೆ ಹಾಲು, ತುಪ್ಪ ಸೋಕುತ್ತಲೇ ಇರಲಿಲ್ಲ. ಅದನ್ನು ಸಪ್ಪೆ ಎಂದು ಯಾರೂ ಎಂದವರಿಲ್ಲ.

ವೀಗನ್ ಎಂಬ ಶಬ್ದ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಡೊನಾಲ್ಡ್ ವಾಟ್ಸನ್ ಮತ್ತು ಅವನ ಕೆಲವು ಗೆಳೆಯರು ಹಾಲನ್ನೂ ಬಿಟ್ಟ ಸಸ್ಯಾಹಾರಿಗಳಿಗೆ ಬೇರೆಯೇ ಹೆಸರು ಬೇಕೆಂದು ಸಂಘ ಕಟ್ಟಿದರು. ಅವರದು ತತ್ತ್ವದಿಂದ ಬಿಟ್ಟದ್ದು. ನಮ್ಮದು ಹಾಗಲ್ಲ. ಧಾರವಾಡದ ಸುತ್ತಲಿನ ಹಳ್ಳಿಗಳಲ್ಲಿ ಎಮ್ಮೆ ಕಟ್ಟಿದವರ ಹಾಲು ಬೆಳಗಾಗುವುದರೊಳಗೆ ಪೇಟೆಗೆ ಹೋಗುತ್ತಿತ್ತು. ಅಲ್ಲಿ ಹೋಟೆಲಿನ ಚಹಾ ಆಗುತ್ತಿತ್ತು, ಪೇಢೆಯಾಗುತ್ತಿತ್ತು. ಧಾರವಾಡ ಪೇಢೆಯ ಕೀರ್ತಿ ನಾಡಿಗೆಲ್ಲ ಗೊತ್ತು, 2007ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ಸಿಕ್ಕಿತು. ಆ ಪೇಢೆಯ ಹಿಂದೆ ಹಾಲು ಹೊರುತ್ತಿದ್ದ ಹೆಂಗಸರ ಮನೆಗಳಲ್ಲಿ ಮಕ್ಕಳು ಏನು ಉಣ್ಣುತ್ತಿದ್ದರು ಎಂದು ಕೇಳಿದವರು ಕಡಿಮೆ.

ನಾವು ಉಣ್ಣುತ್ತಿದ್ದುದು ಜೋಳದ ರೊಟ್ಟಿ, ಗುರೆಳ್ಳು ಹಿಂಡಿ, ಪುಂಡಿ ಪಲ್ಯ, ಮಡಿಕೆ ಕಾಳಿನ ಉಸುಳಿ. ಗುರೆಳ್ಳು ಎಂದರೆ ಮೈಸೂರು ಕಡೆಯವರ ಹುಚ್ಚೆಳ್ಳು. ಹಿಂಡಿ ಎಂದರೆ ಚಟ್ನಿಪುಡಿ. ಗಾಣದಲ್ಲಿ ಎಣ್ಣೆ ತೆಗೆದು ಉಳಿದ ಗಸಿಗೂ ನಮ್ಮಲ್ಲಿ ಹಿಂಡಿಯೆಂದೇ ಹೆಸರು, ಅದು ದನಕ್ಕೆ. ನಾನು ಐದನೆಯ ಇಯತ್ತೆಯಲ್ಲಿದ್ದಾಗ ಒಬ್ಬ ಹುಡುಗಿ ನನ್ನ ಬುತ್ತಿ ನೋಡಿ, “ನಿಮ್ಮನ್ಯಾಗ ಎಮ್ಮಿಗೂ ಹಿಂಡಿ, ನಿನಗೂ ಹಿಂಡಿ” ಎಂದಳು. ಅವಳ ಡಬ್ಬಿಯಲ್ಲಿ ಬೆಣ್ಣೆ ಇತ್ತು. ಸಂಜೆ ಮನೆಗೆ ಬಂದವಳೇ ಬುತ್ತಿಯ ಗಂಟನ್ನು ಕಟ್ಟೆಯ ಮೇಲೆ ಒಗೆದು, ಇನ್ನು ಮೇಲೆ ಹಿಂಡಿ ಒಯ್ಯುವುದಿಲ್ಲ ಎಂದು ಅತ್ತೆ. ಅವ್ವ ಏನೂ ಅನ್ನಲಿಲ್ಲ. ಚೆಲ್ಲಿದ್ದನ್ನು ಬಳಿದಳು. ಎರಡು ದಿನ ಬಿಟ್ಟು ನನ್ನ ಬುತ್ತಿಯಲ್ಲಿ ಗಟ್ಟಿ ಮೊಸರು ಬಂತು. ಹೋಟೆಲಿನವರ ಲೆಕ್ಕದ ಚೀಟಿಯಲ್ಲಿ ಆ ವಾರ ಒಂದು ತಂಬಿಗೆ ಹಾಲು ಕಡಿಮೆ ಬಿದ್ದದ್ದೂ, ಅದಕ್ಕಾಗಿ ಅಪ್ಪನ ಹತ್ತಿರ ಅವ್ವ ಮಾತು ಕೇಳಿದ್ದೂ ನನಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ.

ಇತಿಹಾಸ ಕಲಿಸುವವಳಾದ್ದರಿಂದ ಮಗಳ ಪ್ರಶ್ನೆಗೆ ಉತ್ತರವನ್ನು ಮೊದಲು ಪುಸ್ತಕದಲ್ಲಿಯೇ ಹುಡುಕಿದೆ. ನಮ್ಮ ನಾಡಿನಲ್ಲಿ ಅಡುಗೆಯ ಬರಹಕ್ಕೆ ಕೊರತೆಯಿಲ್ಲ. 11ನೆಯ ಶತಮಾನದ ಚಾವುಂಡರಾಯನ ಲೋಕೋಪಕಾರದಲ್ಲಿ ಪಾಕಕ್ಕೆ ಜಾಗವಿದೆ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಅರಸನ ಊಟದ ವಿವರಗಳಿವೆ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಸೂಪಶಾಸ್ತ್ರವೆಂದು ಇಡೀ ಗ್ರಂಥವನ್ನೇ ಷಟ್ಪದಿಯಲ್ಲಿ ರಚಿಸಿದ. ಓದುತ್ತ ಹೋದರೆ ತುಪ್ಪ, ಹಾಲು, ಮೊಸರು ಧಾರಾಳ. ಇರಬೇಕಾದ್ದೇ. ಬರೆದವರು ಅರಸರು, ಅರಸರ ಆಸರೆಯಲ್ಲಿದ್ದವರು. ಹಾಲು ಮಾರಿ ಬದುಕುವವರ ಒಲೆಯ ಮುಂದೆ ಕುಳಿತು ಯಾರೂ ಷಟ್ಪದಿ ಬರೆಯಲಿಲ್ಲ.

ಆದರೆ ಮಾತು ಬಿಟ್ಟುಕೊಡುತ್ತದೆ. ಹಳಗನ್ನಡದಲ್ಲಿ ನೆಯ್ ಎಂದರೆ ಜಿಡ್ಡಿನ ಪದಾರ್ಥ. ಬೆಳ್ಳಗಿನ ನೆಯ್ ಬೆಣ್ಣೆಯಾಯಿತು, ಎಳ್ಳಿನ ನೆಯ್ ಎಣ್ಣೆಯಾಯಿತು. ಇವತ್ತು ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ, ಕೊನೆಗೆ ಸೀಮೆಎಣ್ಣೆ ಅನ್ನುವಾಗಲೂ ನಮ್ಮ ಬಾಯಲ್ಲಿ ಎಳ್ಳು ಇರುತ್ತದೆ. ಹರಪ್ಪದ ಉತ್ಖನನದಲ್ಲಿಯೇ ಕರಕಾದ ಎಳ್ಳಿನ ಕಾಳುಗಳು ಸಿಕ್ಕಿವೆ. ಜಿಡ್ಡಿಗಾಗಿ ಮನುಷ್ಯ ದನವನ್ನಷ್ಟೇ ನೆಚ್ಚಿರಲಿಲ್ಲ. ಎಳ್ಳಿನ ತೂಕದಲ್ಲಿ ಸುಮಾರು ಅರ್ಧದಷ್ಟು ಎಣ್ಣೆಯೇ. ಗುರೆಳ್ಳಿನಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು. ಈ ಗುರೆಳ್ಳಿನ ಮೂಲವಂತೂ ದೂರದ ಇಥಿಯೋಪಿಯ. ನಮ್ಮ ಹೊಲದ ಅಂಚಿಗೆ ಬಂದು ನಮ್ಮದೇ ಹೆಸರು ಹೊತ್ತು ನಿಂತಿದೆ.

ಖಾರದ ಕಥೆಯೂ ಇಂಥದ್ದೇ. ಮಂಗರಸನ ಅಡುಗೆಯಲ್ಲಿ ಕೆಂಪು ಮೆಣಸಿನಕಾಯಿ ಇಲ್ಲ. ಅದು ಅಮೆರಿಕದ ಬೆಳೆ, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಅವರು 1510ರಲ್ಲಿ ಗೋವೆಯನ್ನು ಹಿಡಿದರು. ಗೋವೆ ನಮಗೆ ಘಟ್ಟದಾಚೆಯ ನೆರೆ. ಅದಕ್ಕೂ ಮೊದಲು ಖಾರವೆಂದರೆ ಕರಿಮೆಣಸು, ಹಿಪ್ಪಲಿ, ಶುಂಠಿ. ಹೊಸ ಕಾಯಿಗೆ ನಮ್ಮವರು ಹೊಸ ಹೆಸರನ್ನೇನೂ ಹುಡುಕಲಿಲ್ಲ, ಮೆಣಸಿನ ಹಾಗೆ ಖಾರವಿದ್ದ ಕಾಯಿ ಮೆಣಸಿನಕಾಯಿಯಾಯಿತು. ಅದೇ ಅಮೆರಿಕದಿಂದ ಬಂದ ಶೇಂಗಾಕ್ಕೆ ದಕ್ಷಿಣದವರು ಕಡಲೆಕಾಯಿ ಎಂದರು. ಬ್ಯಾಡಗಿಯ ಕಾಯಿ ಬಣ್ಣಕ್ಕೆ ಹೆಸರಾಗಿ, 2011ರಲ್ಲಿ ಭೌಗೋಳಿಕ ಗುರುತನ್ನೂ ಪಡೆಯಿತು. ಹೀಗೆ ನಾನು ಬಡತನದ ಗುರುತೆಂದು ನಾಚಿದ್ದ ಆ ಒಂದು ಚಿಟಿಕೆ ಹಿಂಡಿಯಲ್ಲಿ ಆಫ್ರಿಕದ ಕಾಳು, ಅಮೆರಿಕದ ಕಾಯಿ ಎರಡೂ ಇದ್ದವು.

ಹಾಗೆಂದು ಬಡತನವನ್ನು ಹೊಗಳುವ ಚಟ ನನಗಿಲ್ಲ. ತುಪ್ಪ ಸಿಕ್ಕಿದ್ದರೆ ನಾವು ತಿನ್ನುತ್ತಿದ್ದೆವು. ಎಮ್ಮೆ ಈದಾಗ ಗಿಣ್ಣಕ್ಕಾಗಿ ಒಲೆ ಬಿಟ್ಟು ಕದಲುತ್ತಿರಲಿಲ್ಲ. 1970ರಲ್ಲಿ ಶುರುವಾದ ಕ್ಷೀರಕ್ರಾಂತಿಯಿಂದ ನಿಧಾನವಾಗಿ ಹಾಲು ಎಲ್ಲರ ಮನೆಗೂ ಬಂತು, 1998ರ ಹೊತ್ತಿಗೆ ನಮ್ಮ ದೇಶ ಹಾಲಿನ ಉತ್ಪಾದನೆಯಲ್ಲಿ ಜಗತ್ತಿಗೇ ಮೊದಲಾಯಿತು. 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯ ಯೋಜನೆ ಬಂದಾಗ ನಮ್ಮ ಶಾಲೆಯ ಮಕ್ಕಳು ಲೋಟ ಹಿಡಿದು ಸಾಲಿನಲ್ಲಿ ನಿಂತದ್ದನ್ನು ನೋಡಿ ನನ್ನ ಗಂಟಲು ಕಟ್ಟಿತ್ತು. ಮಗಳಿಗೂ ಹೇಳಿದ್ದೇನೆ, ಬಿ-12 ಜೀವಸತ್ವ ಕಾಳು ಸೊಪ್ಪಿನಲ್ಲಿ ಸಿಗುವುದಿಲ್ಲ, ಡಾಕ್ಟರನ್ನು ಕೇಳಿ ಗುಳಿಗೆ ತಪ್ಪಿಸಬೇಡ ಎಂದು. ನಾನು ಹೇಳುತ್ತಿರುವುದು ರುಚಿಯ ಮಾತು ಮಾತ್ರ.

ಅವಳು ತಪ್ಪುತ್ತಿದ್ದುದು ಎಲ್ಲಿ ಎಂದರೆ, ಹಾಲಿದ್ದ ಅಡುಗೆಯಿಂದ ಹಾಲನ್ನು ತೆಗೆದು ಆ ಜಾಗಕ್ಕೆ ಹಾಲಿನಂಥದ್ದನ್ನು ಸುರಿಯುತ್ತಿದ್ದಳು. ಅವ್ವನ ಅಡುಗೆಯಲ್ಲಿ ಅಂಥ ಖಾಲಿ ಜಾಗವೇ ಇರಲಿಲ್ಲ. ಬದನೆಯ ಎಣ್ಣೆಗಾಯಿಯ ರಸ ಗಟ್ಟಿಯಾಗುತ್ತಿದ್ದುದು ಹುರಿದ ಶೇಂಗಾ, ಗುರೆಳ್ಳಿನ ಪುಡಿಯಿಂದ. ಹೋಳಿಗೆಯ ದಿನ ಕಡಲೆಬೇಳೆ ಬೇಯಿಸಿ ಬಸಿದ ನೀರನ್ನು ಚೆಲ್ಲದೆ ಕಟ್ಟಿನ ಸಾರು ಮಾಡುತ್ತಿದ್ದಳು. ಅದಕ್ಕೆ ಉಳ್ಳಾಗಡ್ಡಿಯನ್ನು ಸಿಪ್ಪೆಸಮೇತ ಕೆಂಡದಲ್ಲಿ ಹೂಳಿ ಸುಡಬೇಕು, ಒಣಕೊಬ್ಬರಿಯನ್ನು ಕಂದುಬಣ್ಣ ಬರುವತನಕ ಹುರಿಯಬೇಕು, ಲವಂಗ ಚಕ್ಕೆ ಸೇರಿಸಿ ಕಲ್ಲಿನಲ್ಲಿ ನುಣ್ಣಗೆ ಅರೆಯಬೇಕು, ಹುಣಸೆಯ ಹುಳಿಗೆ ಎದುರಾಗಿ ಬೆಲ್ಲ ಬೀಳಬೇಕು. ಆ ಸಾರು ಮಾಡಿದ ದಿನಕ್ಕಿಂತ ಮರುದಿನವೇ ಹೆಚ್ಚು ರುಚಿ. ಪುಂಡಿ ಪಲ್ಯಕ್ಕೆ ಎಲೆಯೇ ಹುಳಿ, ಜೋಳದ ನುಚ್ಚೇ ಗಟ್ಟಿತನ, ಮೇಲೆ ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ.

ನಮ್ಮ ಶಾಲೆಯ ವಿಜ್ಞಾನದ ಮಾಸ್ತರರನ್ನು ಕೇಳಿದರೆ ಕಾರಣ ಹೇಳಿದರು: ಹುರಿದಾಗ ಕಾಳಿನ ಸಕ್ಕರೆ, ಪ್ರೋಟೀನು ಕೂಡಿ ಕಂದಾಗುತ್ತ ಹೊಸ ಪರಿಮಳಗಳು ಹುಟ್ಟುತ್ತವಂತೆ. ಮೆಣಸಿನಕಾಯಿಯ ಬಣ್ಣ, ಖಾರ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಬಿಡುತ್ತವಂತೆ. ಮಗಳು ಮಾತ್ರ ಕುದಿಯುವ ನೀರಿಗೆ ಎಲ್ಲ ಪುಡಿಗಳನ್ನು ಒಮ್ಮೆಗೇ ಹಾಕಿ ಮುಚ್ಚಳ ಮುಚ್ಚುತ್ತಿದ್ದಳು. ಎಣ್ಣೆ ಆರೋಗ್ಯಕ್ಕೆ ಕೆಟ್ಟದ್ದೆಂದು ಅದನ್ನೂ ಕಡಿಮೆ ಮಾಡಿದ್ದಳು. ರುಚಿಯಾದರೂ ಎಲ್ಲಿಂದ ಬರಬೇಕು?

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಳುಕುತ್ತಲೇ ವಿಷಯ ತೆಗೆದೆ. ಅವ್ವನಿಗೀಗ ಎಂಬತ್ತು ದಾಟಿದೆ, ಕಣ್ಣು ಮಬ್ಬು. “ನಿನ್ನ ಮೊಮ್ಮಗಳು ಹಾಲು ಬಿಟ್ಟಾಳವ್ವ” ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಿಡಲಿ ತಗೋ. ನಾವೇನ್ ಹಿಡದಿದ್ವೇನ್?” ಎಂದಳು. ಆಮೇಲೆ, “ಹಿಂಡಿ ಮಾಡಾಕ ಬರ್ತದೇನ್ ಅಕಿಗೆ?” ಎಂದು ಕೇಳಿದಳು.

ಬರುತ್ತಿರಲಿಲ್ಲ. ನನಗೂ ಸರಿಯಾಗಿ ಬರುತ್ತಿರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಐದನೆಯ ಇಯತ್ತೆಯ ಆ ಸಂಜೆಯಿಂದ ಹಿಂಡಿಯ ಒರಳಿನ ಹತ್ತಿರ ನಾನು ಕುಳಿತವಳಲ್ಲ. ಗುರೆಳ್ಳು ಕರ್ರಗಿರುವುದರಿಂದ ಹುರಿದದ್ದು ಹದವಾಯಿತೋ ಹೊತ್ತಿತೋ ಬಣ್ಣದಿಂದ ತಿಳಿಯುವುದಿಲ್ಲ. ನಾನು ಎರಡು ಸಲ ಮಾಡಿ ಎರಡು ಸಲವೂ ಕಹಿ ಮಾಡಿದೆ.

ಕೊನೆಗೆ ಒಂದು ಭಾನುವಾರ ಬೆಂಗಳೂರಿನಿಂದ ಮಗಳು ಫೋನು ಹಚ್ಚಿದಳು. ಅವಳ ಒಲೆಯ ಮೇಲೆ ಬಾಣಲೆ, ಸಣ್ಣ ಉರಿ. ಪಕ್ಕದಲ್ಲಿ ಬೆಳ್ಳುಳ್ಳಿ, ಜೀರಿಗೆ, ಕರಿಬೇವು, ಉಪ್ಪು, ಬ್ಯಾಡಗಿ ಖಾರದ ಪುಡಿ, ಚೂರು ಹುಣಸೆಹಣ್ಣು ಸಿದ್ಧ. ಹಳ್ಳಿಯ ಪಡಸಾಲೆಯಲ್ಲಿ ನಾನು ಫೋನನ್ನು ಅವ್ವನ ಕಿವಿಗೆ ಹಿಡಿದೆ. “ಫೋನ್ ಬಾಣಲಿ ಹಂತ್ಯಾಕ ಹಿಡಿಯವ್ವಾ, ಸದ್ದು ಕೇಳಸ್ಲಿ” ಎಂದಳು ಅವ್ವ. ಅತ್ತಲಿಂದ ಮೊದಲು ಸೌಟಿನ ಸದ್ದು, ಆಮೇಲೆ ಒಂದೊಂದೇ ಕಾಳು ಸಿಡಿಯುವುದು, ಆಮೇಲೆ ಒಟ್ಟಿಗೇ ಚಟಪಟ. ಅವ್ವ ಕಣ್ಣು ಮುಚ್ಚಿಕೊಂಡಿದ್ದಳು. ಚಟಪಟ ಇನ್ನೇನು ತೆಳುವಾಗಬೇಕು ಅನ್ನುವಾಗ ಒಮ್ಮೆಲೇ, “ಹಾಂ, ಇಳಸು. ಈಗ ಇಳಸು” ಎಂದಳು.