ಸೂಜಿಯ ಕಾಯಕಕ್ಕೆ ಸಲ್ಲುವ ಬೆಲೆ



ಕಾಯಕತತ್ತ್ವವನ್ನು ಕುರಿತು ಮಾತನಾಡುವಾಗ ನಾವು ದುಡಿಯುವವನ ಧರ್ಮವನ್ನೇ ಬಗೆಬಗೆಯಾಗಿ ವಿವರಿಸುತ್ತೇವೆ. ದುಡಿಸಿಕೊಳ್ಳುವವನ ಧರ್ಮವೇನು ಎಂಬ ಪ್ರಶ್ನೆ ಹಿಂದೆಯೇ ಉಳಿಯುತ್ತದೆ. ಕಳೆದ ಮಳೆಗಾಲದ ಆರಂಭದಲ್ಲಿ ಈ ಪ್ರಶ್ನೆ ಕೊಪ್ಪದ ಪೇಟೆಯ ಒಂದು ಹೊಲಿಗೆ ಅಂಗಡಿಯಲ್ಲಿ ನನಗೆ ಎದುರಾಯಿತು. ರೆಡಿಮೇಡ್ ಪ್ಯಾಂಟೊಂದರ ಉದ್ದ ತಗ್ಗಿಸಿ ಸೊಂಟ ಸಡಿಲಿಸಲು ಕೊಟ್ಟಿದ್ದೆ. ಟೈಲರ್ ನೂರು ರೂಪಾಯಿ ಕೇಳಿದರು. ಇಷ್ಟು ಸಣ್ಣ ಕೆಲಸಕ್ಕೆ ನೂರೇ ಎಂದು ಎಪ್ಪತ್ತು ಕೊಟ್ಟು ಬಂದೆ. ಅವರು ಮರುಮಾತಾಡಲಿಲ್ಲ. ಅಂದು ಸಂಜೆ ನಾನು ಭಕ್ತರ ಮುಂದೆ ವಿವರಿಸಬೇಕಾಗಿದ್ದುದು ನುಲಿಯ ಚಂದಯ್ಯನ ಚರಿತೆ!

ಚಂದಯ್ಯನ ಕಥೆ ಎಲ್ಲರಿಗೂ ತಿಳಿದದ್ದೇ. ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ ಬಂದುದರಲ್ಲಿ ಜಂಗಮದಾಸೋಹ ನಡೆಸಿದ ಶರಣ ಆತ. ಹಗ್ಗಕ್ಕೆ ಸಲ್ಲುವುದಕ್ಕಿಂತ ಹೆಚ್ಚು ಹೊನ್ನು ಬಂದಾಗ ಅದನ್ನು ಆತ ಒಪ್ಪಲಿಲ್ಲವೆಂದು ಸಂಪ್ರದಾಯ ಹೇಳುತ್ತದೆ. ಆಯ್ದಕ್ಕಿ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳುಹಿಸಿದಳು. ಈ ಎರಡು ಪ್ರಸಂಗಗಳನ್ನೂ ನಾವು ಅತಿಯಾಸೆಯ ನಿಷೇಧವೆಂದೇ ಓದುತ್ತ ಬಂದಿದ್ದೇವೆ. ಓದು ತಪ್ಪಲ್ಲ. ಆದರೆ ಇಲ್ಲಿ ಮಿತಿಯನ್ನು ಹಾಕಿಕೊಂಡವರು ಯಾರು? ದುಡಿದವರೇ ಅಲ್ಲವೇ? ಕೊಳ್ಳುವವನು ಚಂದಯ್ಯನ ಮುಂದೆ ನಿಂತು, ನೀನು ಶರಣ, ನಿನಗೇಕೆ ಇಷ್ಟು ಎಂದು ಹಗ್ಗದ ಬೆಲೆಯನ್ನು ಇಳಿಸಿದ ಕಥೆ ಇದಲ್ಲ. ಹೆಚ್ಚನ್ನು ನಿರಾಕರಿಸಬೇಕಾದರೆ ಸಲ್ಲುವ ಬೆಲೆಯೊಂದು ಇದೆಯೆಂದು ಮೊದಲು ಒಪ್ಪಿರಬೇಕು. ಆ ಬೆಲೆ ಹೊಸೆದವನಿಗೂ ಕೊಂಡವನಿಗೂ ಒಂದೇ. ಕಾರ್ಮಿಕನ ಸಂತೃಪ್ತಿಯನ್ನು ಹೊಗಳುತ್ತ ಅವನ ಕೂಲಿಯಲ್ಲಿ ಕೈಹಿಡಿಯುವುದು ವಚನಗಳ ದುರುಪಯೋಗವೆಂದೇ ನನ್ನ ಭಾವನೆ.

ವಚನಕಾರರಲ್ಲಿ ಸೂಜಿಕಾಯಕದ ರಾಮಿತಂದೆಯ ಹೆಸರಿದೆ. ಕಾಯಕವೇ ಹೆಸರಾಗಿ ನಿಂತ ಶರಣರಲ್ಲಿ ಆತನೂ ಒಬ್ಬ. ಶಾಸನಗಳಲ್ಲಿ ‘ಚಿಪ್ಪಿಗ’ ಎಂದು ಕಾಣಿಸಿಕೊಳ್ಳುವ ಈ ಹೊಲಿಗೆಯ ವೃತ್ತಿಗೆ ಹಳೆಯ ಗ್ರಾಮವ್ಯವಸ್ಥೆಯಲ್ಲಿ ಒಂದು ವಿಚಿತ್ರ ಸ್ಥಾನವಿತ್ತು. ಬಡಗಿ, ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕ ಮೊದಲಾದ ಆಯಗಾರರಿಗೆ ಸುಗ್ಗಿಯಲ್ಲಿ ಧಾನ್ಯದ ಪಾಲು ಸಲ್ಲುತ್ತಿತ್ತು. ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ಮೈಸೂರು ಚರಿತ್ರೆಯ ಮೊದಲ ಸಂಪುಟದಲ್ಲಿ ಕೊಟ್ಟ ಹನ್ನೆರಡು ಮಂದಿಯ ಪಟ್ಟಿಯಲ್ಲಿ ಹೊಲಿಯುವವನಿಲ್ಲ. ಸುಗ್ಗಿಯ ಪಾಲಿಲ್ಲದವನಿಗೆ ಅಂದಂದಿನ ಕೆಲಸಕ್ಕೆ ಅಂದಂದೇ ಬರುವ ಕೂಲಿಯೇ ಗತಿ. ಹಾಗೆಂದು ಆಯದ ಪದ್ಧತಿಯನ್ನು ಹೊಗಳಲು ನನಗೆ ಮನಸ್ಸಿಲ್ಲ. ಪಾಲನ್ನು ಅಳೆದುಕೊಡುವ ಕೊಳಗ ಯಾವಾಗಲೂ ಕೊಡುವವನ ಕೈಯಲ್ಲಿಯೇ ಇತ್ತು, ವೃತ್ತಿ ಹುಟ್ಟಿಗೆ ಅಂಟಿಕೊಂಡಿತ್ತು.

ನಮ್ಮ ಮಲೆನಾಡಿನ ಚರಿತ್ರೆಯಲ್ಲಿಯೇ ಬೆಲೆ ಕಟ್ಟುವುದಕ್ಕೆ ಒಂದು ಉತ್ತಮ ನಿದರ್ಶನವುಂಟು. ಕೊಪ್ಪದ ಸೀಮೆಯೂ ಕೆಳದಿ ಅರಸರ ಆಳ್ವಿಕೆಗೆ ಒಳಪಟ್ಟಿದ್ದುದು ತಿಳಿದ ವಿಷಯ. ಆ ವಂಶದ ಶಿವಪ್ಪನಾಯಕ (1645–1660) ಭೂಕಂದಾಯಕ್ಕೆ ‘ಶಿಸ್ತು’ ಗೊತ್ತುಪಡಿಸುವ ಮೊದಲು ಬಗೆಬಗೆಯ ಭೂಮಿಗಳನ್ನು ಆರಿಸಿ, ಹನ್ನೆರಡು ವರ್ಷಗಳ ಕಾಲ ಸಾಗುವಳಿಯ ಖರ್ಚು, ಬೆಳೆ, ಧಾರಣೆಗಳ ಲೆಕ್ಕ ಇಡಿಸಿದನೆಂದು ಹೇಳುತ್ತಾರೆ. ಪ್ರಜೆಯಿಂದ ಎಷ್ಟು ಪಡೆಯಬಹುದೆಂದು ತಿಳಿಯಲು ಅರಸನಿಗೆ ಹನ್ನೆರಡು ವರ್ಷ ಬೇಕಾಯಿತು. ಟೈಲರನ ಕೆಲಸ ‘ಸಣ್ಣದು’ ಎಂದು ತೀರ್ಮಾನಿಸಲು ನನಗೆ ಅರೆಗಳಿಗೆಯೂ ಬೇಕಾಗಲಿಲ್ಲ.

ಆ ಸಣ್ಣ ಕೆಲಸದಲ್ಲಿ ಏನೇನಿದೆಯೆಂದು ಅನಂತರ ಕುಳಿತು ನೋಡಿದೆ. ಬಟ್ಟೆಗೆ ಗಾಯವಾಗದಂತೆ ಹಳೆಯ ಹೊಲಿಗೆಯನ್ನು ಬಿಚ್ಚಬೇಕು. ಒಳಗೆ ಎಷ್ಟು ಬಟ್ಟೆ ಬಿಟ್ಟಿದೆಯೆಂದು ನೋಡಬೇಕು. ಕಾರ್ಖಾನೆಯವರು ಬಿಡುವುದು ಬಹಳ ಕಡಿಮೆ. ಬಣ್ಣಕ್ಕೆ ಹೊಂದುವ ನೂಲು ಹುಡುಕಿ, ಬಾಬಿನ್ ಬದಲಿಸಿ, ಹಳೆಯ ಗೆರೆ ಕಾಣದಂತೆ ಹೊಲಿದು ಇಸ್ತ್ರಿ ಹಾಕಬೇಕು. ಹೊಸ ಬಟ್ಟೆಯಾದರೆ ಕತ್ತರಿ ಹಿಡಿದವನ ಮನಸ್ಸಿನಂತೆ ಸಾಗುತ್ತದೆ. ಇಲ್ಲಿ ಮತ್ತೊಬ್ಬರ ಕೆಲಸವನ್ನು ಬಿಚ್ಚಿ ಸರಿಪಡಿಸಬೇಕು. ಕೆಟ್ಟರೆ ಹೊಣೆ ಮಾತ್ರ ಇವರದೇ. ಜೊತೆಗೆ ಅಂಗಡಿಯ ಬಾಡಿಗೆ, ಮಳೆಗಾಲದಲ್ಲಿ ಹೋಗಿ ಬರುವ ಕರೆಂಟು. ಸಿದ್ಧ ಉಡುಪುಗಳು ಬಂದ ಮೇಲೆ ಶೃಂಗೇರಿ, ನರಸಿಂಹರಾಜಪುರದಂತಹ ಪೇಟೆಗಳ ಟೈಲರುಗಳಿಗೆ ಹೊಸ ಅಂಗಿಗಿಂತ ಇಂಥ ದುರಸ್ತಿಯೇ ಹೆಚ್ಚಾಗಿ ಬರುವಂತಾಗಿದೆ. ಪ್ಯಾಂಟು ಕೊಂಡ ಅಂಗಡಿಯಲ್ಲಿ ಅಚ್ಚಾದ ಬೆಲೆಯನ್ನು ತುಟಿಪಿಟಕ್ಕೆನ್ನದೆ ಕೊಡುತ್ತೇವೆ. ಚೌಕಾಸಿಯನ್ನು ಮಾತ್ರ ಹೊಲಿಗೆ ಯಂತ್ರದ ಮುಂದೆ ಕುಳಿತವರಿಗೆ ಮೀಸಲಿಡುತ್ತೇವೆ.

ಇಲ್ಲಿ ಕಾನೂನೂ ಒದಗುವುದಿಲ್ಲ. 1948ರ ಕನಿಷ್ಠ ವೇತನ ಕಾಯ್ದೆಯಾಗಲಿ, ಅದರ ಸ್ಥಾನದಲ್ಲಿ ಬಂದ 2019ರ ವೇತನ ಸಂಹಿತೆಯಾಗಲಿ ಮಾಲೀಕ ಮತ್ತು ನೌಕರರ ನಡುವಿನದು. ಸ್ವಂತ ಯಂತ್ರವಿಟ್ಟುಕೊಂಡವರಿಗೆ ನಾವೇ ಮಾಲೀಕರು, ಅದೂ ಹತ್ತು ನಿಮಿಷದ ಮಟ್ಟಿಗೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ ಹದಿನೆಂಟು ವೃತ್ತಿಗಳಲ್ಲಿ ಬಡಗಿ, ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕರ ಜೊತೆಗೆ ದರ್ಜಿಗೂ ಸ್ಥಾನ ದೊರೆತಿದೆ. ಹಳೆಯ ಹನ್ನೆರಡರಲ್ಲಿ ಇಲ್ಲದಿದ್ದವನು ಹೊಸ ಪಟ್ಟಿಯಲ್ಲಿ ಸೇರಿದ್ದಾನೆ. ತರಬೇತಿ, ಉಪಕರಣ, ಸಾಲಕ್ಕೆ ಅಲ್ಲಿ ಅವಕಾಶವಿದೆ. ದರ ಮಾತ್ರ ನಮ್ಮ ನಾಲಗೆಯ ಮೇಲೆಯೇ ಉಳಿದಿದೆ.

ಮೂರು ದಿನಗಳ ಬಳಿಕ ಉಳಿದ ಮೂವತ್ತು ರೂಪಾಯಿ ಹಿಡಿದು ಮತ್ತೆ ಆ ಅಂಗಡಿಗೆ ಹೋದೆ. ದಾನವೆಂದು ತಿಳಿದಾರೋ ಎಂಬ ಅಳುಕಿತ್ತು. ಅದಕ್ಕೆ ‘ಅಂದಿನ ಬಾಕಿ’ ಎಂದೇ ಹೇಳಿದೆ. ಅವರು ಹಣವನ್ನು ಮೇಜಿನ ಡ್ರಾಯರಿಗೆ ಹಾಕಿ, ಸೊಂಟ ಈಗ ಸರಿಯಾಗಿ ಕೂರುತ್ತದೆಯೇ ಎಂದು ಕೇಳಿದರು. ಅಷ್ಟರಲ್ಲಿ ಶಾಲೆಯ ಯೂನಿಫಾರಂ ಹಿಡಿದು ಒಬ್ಬ ತಾಯಿ ಬಂದರು. ನಾನು ಪಕ್ಕಕ್ಕೆ ಸರಿದು ನಿಂತೆ.